ಬೆಲ್ಲದ ಗೋಡೆ, ಎಣ್ಣೆಯ ಕಿಂಡಿ

ಹೋದ ತಿಂಗಳು ವಿಜಯವಾಡದ ಪಟಮಟದ ನಮ್ಮ ಮನೆಗೆ ಇಬ್ಬರು ಹುಡುಗಿಯರು ಬಂದಿದ್ದರು. ನಾನು ನಿವೃತ್ತಳಾದ ಕಚೇರಿಗೇ ಹೊಸದಾಗಿ ಸೇರಿದವರು. ಹಳೆಯ ಕೋಟೆ, ಗುಡಿ, ಮಂಟಪಗಳ ಅಳತೆ ತೆಗೆದು ನಕ್ಷೆ ಬರೆಯುವ ಕೆಲಸ. ನನ್ನ ಕಾಲದಲ್ಲಿ ಅದಕ್ಕೆ ಒಂದು ಟೇಪು, ಒಂದು ತೂಗುಗುಂಡು, ಒಂದು ಕೊಡೆ ಮತ್ತು ಬೇಕಾದಷ್ಟು ಮಜ್ಜಿಗೆ ಸಾಕಿತ್ತು. ಇವರ ಚೀಲದಿಂದ ಲೇಸರ್ ಬಂತು, ಡ್ರೋನ್ ಬಂತು, ಡ್ರೋನಿಗೊಂದು ಚಾರ್ಜರ್ ಬಂತು. ಚಾರ್ಜರ್ ಹಾಕಲು ನಮ್ಮ ಫ್ರಿಜ್ಜಿನ ಪ್ಲಗ್ ಕಿತ್ತರು. ಒಳಗಿದ್ದ ಐಸ್‌ಕ್ರೀಂ ಕರಗಿ ನೀರಾಯಿತು. ಅದನ್ನೇ ಲೋಟಕ್ಕೆ ಹಾಕಿ ಕೊಟ್ಟೆ. ಕುಡಿಯುತ್ತಾ, "ಮೇಡಂ, ಈ ಕೆಲಸದಲ್ಲಿ ಮುಖ್ಯವಾಗಿ ಏನು ತಿಳಿದಿರಬೇಕು?" ಎಂದು ಕೇಳಿದರು.

ಅವತ್ತು ಏನೋ ಒಂದು ಹೇಳಿ ಕಳಿಸಿದೆ. ಆಮೇಲೆ ಅದು ಸಾಲದು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಪ್ರಮೋಷನ್ ಬಂತು, ಯಾರು ಅದಕ್ಕೆ ಅಡ್ಡಗಾಲು ಹಾಕಿದರು ಎಂಬುದನ್ನೆಲ್ಲ ಬರೆಯುವುದಿಲ್ಲ. ಅದನ್ನು ನಮ್ಮ ಮನೆಯವರು ಇಷ್ಟು ವರ್ಷ ಊಟದ ಹೊತ್ತಿಗೆ ಕೇಳಿ ಕೇಳಿ ಸುಸ್ತಾಗಿದ್ದಾರೆ, ಇನ್ನೊಬ್ಬರಿಗೆ ಆ ಕಷ್ಟ ಬೇಡ.

ನಾನು ಧಾರವಾಡದವಳು. ಡ್ರಾಯಿಂಗ್ ಕಲಿತು, ತೆಲುಗಿನವರನ್ನು ಮದುವೆಯಾಗಿ ಇತ್ತ ಬಂದೆ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಇಂಗ್ಲಿಷು. ಕನ್ನಡ ಉಳಿದದ್ದು ತವರಿನ ಫೋನಿಗೆ ಮತ್ತು ನನ್ನ ಸಿಟ್ಟಿಗೆ. ನನ್ನ ಮಗನಿಗೆ ಬರುವ ಕನ್ನಡವೆಲ್ಲ ಬರೀ ಬೈಗುಳ. ಅದರಲ್ಲಿ ಅವನ ತಪ್ಪೇನೂ ಇಲ್ಲ.

ಮೊದಲ ಪೋಸ್ಟಿಂಗ್ ವಿಶಾಖಪಟ್ಟಣದಲ್ಲಿ. ಸಮುದ್ರದ ಕಡೆ ಮುಖ ಮಾಡಿದ ಒಂದು ಗುಡ್ಡದ ಮೇಲೆ ಪಾಳುಬಿದ್ದ ಹಳೆಯ ಕಟ್ಟಡ, ಅದನ್ನು ಅಳೆಯಬೇಕಿತ್ತು. ಟೇಪಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಅಲ್ಲಿನ ವಾಚ್‌ಮನ್ ಕೈಯಲ್ಲಿ. ನಡುವೆ ಗೋಡೆ ಇದ್ದುದರಿಂದ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಬೆಳಗ್ಗೆ ಒಂದು ಅಳತೆ ಬಂತು. ಊಟದ ಹೊತ್ತಿಗೆ ಕಟ್ಟಡ ಎರಡು ಗಜ ಬೆಳೆದಿತ್ತು. ಸಂಜೆ ಹೊತ್ತಿಗೆ ಇನ್ನೂ ಉದ್ದವಾಗಿತ್ತು. ನಕ್ಷೆ ನೋಡಿದ ಆಗಿನ ಸಾಹೇಬರು ಕನ್ನಡಕ ಮೇಲೇರಿಸಿ, "ಏನಮ್ಮಾ, ಈ ಕಟ್ಟಡ ಬಸುರಿಯಾ?" ಎಂದರು. ಮಾರನೇ ದಿನ ಗೋಡೆ ಸುತ್ತಿ ಹೋಗಿ ನೋಡಿದರೆ ವಾಚ್‌ಮನ್ ನೆರಳಲ್ಲಿ ಮಲಗಿದ್ದ. ಟೇಪನ್ನು ಹತ್ತಿರದ ಗೂಟಕ್ಕೆ ಕಟ್ಟಿದ್ದ. ಗೂಟದ ಹಗ್ಗದಲ್ಲಿ ಒಂದು ಮೇಕೆ ಇತ್ತು. ಮೇಕೆ ಗೂಟವನ್ನು ಕಿತ್ತುಕೊಂಡು ಹುಲ್ಲಿನ ಕಡೆ ಹೊರಟಿತ್ತು. ಹುಡುಗಿಯರೇ, ನಿಮ್ಮ ಲೇಸರಿನ ಆ ತುದಿಯಲ್ಲಿ ಏನಿದೆ ಎಂದು ಒಮ್ಮೆ ಹೋಗಿ ನೋಡಿ ಬನ್ನಿ.

ಆಮೇಲೆ ವಿಜಯವಾಡಕ್ಕೆ ವರ್ಗವಾಯಿತು. ಅಲ್ಲಿ ನನ್ನ ಪಾಲಿಗೆ ಬಂದದ್ದು ಮಂಗಳಗಿರಿ ಆಚೆಯ ಒಂದು ಹಳ್ಳಿಯ ಕೋಟೆಮನೆ. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಂದ ಈಗಲೂ ನನಗೆ ಗೋಂಗುರದ, ಅಂದರೆ ಪುಂಡಿಸೊಪ್ಪಿನ ಉಪ್ಪಿನಕಾಯಿ ಬರುತ್ತದೆ, ಅದು ನಿಂತುಹೋದರೆ ನಷ್ಟ ನನಗೇ. ರೆಡ್ಡಿ ರಾಜರ ಕಾಲದ ಯಾವನೋ ಸಣ್ಣ ದೊರೆ ಕಟ್ಟಿಸಿದ ಮನೆ. ರಾಜನಷ್ಟು ಹಣವಿಲ್ಲ, ರಾಜನಿಗಿಂತ ಹೆಚ್ಚು ಹೆದರಿಕೆ. ಹಾಗಾಗಿ ವಾಸದ ಮನೆಗೇ ದಪ್ಪ ಗೋಡೆ, ಮೂಲೆಗೆ ಬುರುಜು, ಸುತ್ತ ಕಂದಕ ಎಲ್ಲ ಮಾಡಿಸಿಕೊಂಡಿದ್ದ. ನಾನು ಹೋಗುವ ಹೊತ್ತಿಗೆ ಉಳಿದದ್ದು ಒಂದು ಬುರುಜು, ಒಂದು ತುಂಡು ಗೋಡೆ, ಕದವಿಲ್ಲದ ಒಂದು ಹೆಬ್ಬಾಗಿಲು ಮತ್ತು ಬಾಗಿಲ ಮೇಲೊಂದು ಸಣ್ಣ ಮಾಳಿಗೆ ಕೋಣೆ. ಕಂದಕದಲ್ಲಿ ಎಮ್ಮೆಗಳಿದ್ದವು.

ಮೊದಲ ದಿನ ಬಿಸಿಲಲ್ಲಿ ಗೋಡೆಗೆ ಟೇಪು ಹಿಡಿದು, "ಅಯ್ಯ ಶಿವನ, ಈ ಬಿಸಲಾಗ ನನ್ನ ತಲಿ ಒಡೀತದ" ಎಂದು ಗೊಣಗಿಕೊಂಡೆ. ತಲೆಯ ಮೇಲಿನಿಂದ ಕನ್ನಡದಲ್ಲೇ ಉತ್ತರ ಬಂತು.

"ಗ್ವಾಡಿಗ್ಯಾಕ ಟೇಪು ಹಿಡಿದೀಯಮ್ಮಾ? ಜಂಪರ್ ಹೊಲಿಸ್ತೀಯೇನು ಅದಕ್ಕ?"

ಮಾಳಿಗೆ ಕೋಣೆಯ ಕಿಂಡಿಯಿಂದ ಒಂದು ಮುಖ ಇಣುಕಿ ನೋಡುತ್ತಿತ್ತು. ಅವಳೇ ಮಂಗಮ್ಮ. ಬಳ್ಳಾರಿ ಸೀಮೆಯ ಸಿರುಗುಪ್ಪದ ಕಡೆಯವಳು, ಈ ಊರಿಗೆ ಮದುವೆಯಾಗಿ ಬಂದವಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ಒಂದು ಎಮ್ಮೆ ಇತ್ತು. ಅವಳ ಗಂಡನ ಹಿರಿಯರು ಕೋಟೆಯ ಗೋಡೆಗೇ ಒರಗಿಸಿ ಮನೆ ಕಟ್ಟಿದ್ದರು. ಮೂರು ಗೋಡೆ ಅವರದ್ದು, ನಾಲ್ಕನೆಯದು ದೊರೆಯದ್ದು. ಅಡುಗೆಮನೆಯೊಳಗಿಂದಲೇ ಹಳೆಯ ಮೆಟ್ಟಿಲು ಮಾಳಿಗೆ ಕೋಣೆಗೆ ಹತ್ತುತ್ತಿತ್ತು. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದು ಅಕ್ಕಿ ತೊಳೆಯುವುದು, ಪಾತ್ರೆ ಉಜ್ಜುವುದು ಎಲ್ಲ ಅಲ್ಲೇ. ಕೋಣೆಯ ನೆಲದಲ್ಲಿ, ಹೆಬ್ಬಾಗಿಲ ನೆತ್ತಿಗೆ ಸರಿಯಾಗಿ ಒಂದು ತೂತಿತ್ತು. ಮಂಗಮ್ಮನಿಗೆ ಅದು ಬಚ್ಚಲ ಕಿಂಡಿ.

ಅವಳು ನೀರು ಚೆಲ್ಲುವ ಮುಂಚೆ ಒಮ್ಮೆ ಕೂಗುತ್ತಿದ್ದಳು. ಊರಿನವರಿಗೆ ಅದು ಗೊತ್ತಿತ್ತು, ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ನನಗೂ ಬೇಗನೆ ಅಭ್ಯಾಸವಾಯಿತು. ನಾವಿಬ್ಬರೂ ಕನ್ನಡದಲ್ಲಿ ಹರಟೆಗೆ ಕೂತರೆ ನನ್ನ ಅಳತೆಯ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಅವಳ ಕನ್ನಡದಲ್ಲಿ ಅರ್ಧ ತೆಲುಗು, ನನ್ನದರಲ್ಲೂ ಆಗಲೇ ಕಾಲುಭಾಗ. ಆದರೂ ತವರಿನವರು ಸಿಕ್ಕಷ್ಟು ಸಂತೋಷವಾಗುತ್ತಿತ್ತು.

ನಮ್ಮ ಮೇಲಧಿಕಾರಿ ಮೂರ್ತಿಗಾರು ಒಳ್ಳೆಯ ಮನುಷ್ಯ. ಓದಿದ್ದು ಬಹಳ, ಅದು ಅವರ ತೊಂದರೆ. ಆ ಕಿಂಡಿಯನ್ನು ಕೆಳಗಿನಿಂದ ನೋಡಿದವರೇ ಕಣ್ಣರಳಿಸಿ, "ಅಮ್ಮಾ! ಶತ್ರುಗಳ ಮೇಲೆ ಕಾದ ಎಣ್ಣೆ ಸುರಿಯೋ ಕಿಂಡಿ ಅಂಡಿ ಇದು!" ಎಂದರು. ಗೋಡೆಯ ಮೇಲೆ ಇಳಿದ ಹಸಿರು ಕಪ್ಪು ಕಲೆಗಳನ್ನು ಬೆರಳಲ್ಲಿ ಮುಟ್ಟಿ, ಮೂಸಿ, "ನೂರಾರು ವರ್ಷದ ಎಣ್ಣೆ ಜಿಡ್ಡು" ಎಂದರು. ಅದು ಹಿಂದಿನ ದಿನದ ಬೇಳೆಕಟ್ಟು. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಕೋಟೆಯ ಮಾಳಿಗೆಯನ್ನು ಮಂಗಮ್ಮ ಬಚ್ಚಲು ಮಾಡಿಕೊಂಡ ಸಂಗತಿಯೆಲ್ಲ ಹೊರಬೀಳುತ್ತಿತ್ತು. ಮರುವಾರವೇ ಹೆಬ್ಬಾಗಿಲ ಬದಿಗೆ ಫಲಕ ಬಂತು. ಬಾಗಿಲು ಮುರಿಯಲು ಬಂದ ಶತ್ರುಗಳ ತಲೆಗೆ ಇಲ್ಲಿಂದ ಕಾಯಿಸಿದ ಎಣ್ಣೆ ಸುರಿಯುತ್ತಿದ್ದರು, ಗೋಡೆಯ ಕಲೆಗಳೇ ಸಾಕ್ಷಿ ಎಂದು ಅದರಲ್ಲಿ ಬರೆಸಿದ್ದರು.

ನಾನು ಅದನ್ನು ಓದಿ ಹೇಳಿದೆ. ಮಂಗಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ನಿಮ್ಮ ಸಾರಿಗೆ ಎಣ್ಣಿ ರೇಟು ಗೊತ್ತೈತೇನಮ್ಮಾ? ಬಜ್ಜಿ ಕರಿಯಾಕ ಎಣ್ಣಿ ಇಲ್ಲ ನಮ್ಗ, ಶತ್ರು ಮ್ಯಾಲ ಯಾರು ಸುರೀತಾರ?"

ಹೀಗೆ ನಗುತ್ತಾ ಕೆಲವು ವರ್ಷ ಕಳೆದವು. ಆಮೇಲೆ ಒಂದು ರಸ್ತೆ ಅಗಲವಾಗಬೇಕಾಯಿತು. ಕೋಟೆಮನೆ ಸರಿಯಾಗಿ ಅದರ ದಾರಿಯಲ್ಲಿತ್ತು. ಇಲ್ಲಿ ಉಳಿಸಿಕೊಳ್ಳುವಂಥದ್ದು ಏನಾದರೂ ಇದೆಯೇ ಎಂದು ನೋಡಲು ಒಂದು ಕಮಿಟಿ ಬರುತ್ತದೆ ಎಂಬ ಸುದ್ದಿ ಬಂತು. ಏನೂ ಇಲ್ಲ ಎಂದು ಅವರು ಹೇಳಿದರೆ ಕೋಟೆ ಬೀಳುತ್ತದೆ, ಜೊತೆಗೆ ಮಂಗಮ್ಮನ ನಾಲ್ಕನೆಯ ಗೋಡೆ ಬೀಳುತ್ತದೆ, ಆಮೇಲೆ ಉಳಿದ ಮೂರು ಯಾವ ಉಪಯೋಗಕ್ಕೆ? ಇದೆ ಎಂದು ಹೇಳಿದರೂ ಕಷ್ಟವೇ. ಸ್ಮಾರಕಕ್ಕೆ ಅಂಟಿಕೊಂಡ ಮನೆ ಇರಕೂಡದು, ತೆಗೆಯಿರಿ ಎನ್ನಬಹುದು. ಅತ್ತ ದರಿ, ಇತ್ತ ಪುಲಿ. ಮಂಗಮ್ಮ ಮೊದಲ ಸಲ ನಗಲಿಲ್ಲ. "ಎಮ್ಮಿ ಕಟ್ಕೊಂಡು ಎಲ್ಲಿಗೆ ಹೋಗ್ಲೆಮ್ಮಾ ನಾನು?" ಎಂದಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮೂರ್ತಿಗಾರು ಮಾತ್ರ ಹುರುಪಿನಲ್ಲಿದ್ದರು. ಕಮಿಟಿ ಬರುವುದರೊಳಗೆ ಬುರುಜಿಗೆ ಹಳೆಯ ಪದ್ಧತಿಯಲ್ಲೇ ಗಾರೆ ಮಾಡಿಸಬೇಕು ಎಂದರು. ಹಳೆಯ ಪದ್ಧತಿ ಎಂದರೆ ಸಿಮೆಂಟಲ್ಲ. ಸುಣ್ಣ, ಮರಳು, ಇಟ್ಟಿಗೆ ಪುಡಿ, ಅಳಲೆಕಾಯಿ ನೆನೆಸಿದ ನೀರು, ಬೆಲ್ಲ, ಉದ್ದಿನಬೇಳೆ. ಮೇಸ್ತ್ರಿ ಅಪ್ಪಾರಾವ್ ಎಲ್ಲದಕ್ಕೂ "ಅವುನಂಡಿ", ಅಂದರೆ ಹೌದು ಸ್ವಾಮಿ, ಎನ್ನುವ ಮನುಷ್ಯ. ಬೆಲ್ಲ ಎಷ್ಟು ಎಂದು ಮೂರ್ತಿಗಾರು ಹೇಳಿದರು, ಅವುನಂಡಿ. ಅಲ್ಲ, ಇನ್ನೂ ಸ್ವಲ್ಪ ಎಂದರು, ಅವುನಂಡಿ. ವಿಜಯವಾಡದ ಒನ್ ಟೌನ್ ಪೇಟೆಯ ಸಗಟು ಅಂಗಡಿಯಿಂದ ಬೆಲ್ಲದ ಅಚ್ಚುಗಳು, ಬೇಳೆಯ ಮೂಟೆ ಬಂದಿಳಿದವು. ಅಂಗಡಿಯ ಸೇಟು, "ಯಾರ ಮದುವೆ?" ಎಂದು ಕೇಳಿದನಂತೆ.

ಸಾಮಾನು ಒದ್ದೆಯಾಗಬಾರದೆಂದು ಮಂಗಮ್ಮನ ಅಡುಗೆಮನೆಯಲ್ಲಿಟ್ಟೆವು. ಮೊಸರಿಗೆ ಬೆಕ್ಕನ್ನು ಕಾವಲಿಟ್ಟ ಹಾಗೆ ಎಂದು ನನಗೆ ಆಗ ಹೊಳೆಯಬೇಕಿತ್ತು. ಎರಡು ದಿನ ಕಳೆದು ಹೋದಾಗ ಅವಳು ತಟ್ಟೆ ತುಂಬ ಸುನ್ನುಂಡೆ ಇಟ್ಟುಕೊಂಡು ಕಾದಿದ್ದಳು. ಉದ್ದಿನಬೇಳೆ ಹುರಿದು ಪುಡಿ ಮಾಡಿ, ಬೆಲ್ಲ, ಎಮ್ಮೆ ತುಪ್ಪ ಹಾಕಿ ಕಟ್ಟಿದ ಉಂಡೆ, ಇಲ್ಲಿಯವರ ಪ್ರಾಣ. ಮೂರ್ತಿಗಾರು ಒಂದು ತಿಂದರು, ಇನ್ನೊಂದು ತಿಂದರು. ಕರ್ಚೀಫಿನಲ್ಲಿ ಮನೆಗೂ ಕಟ್ಟಿಕೊಂಡರು. "ಅಮ್ಮಾ, ಇದು ಅಮೃತಂ" ಎಂದರು. ಅಪ್ಪಾರಾವ್ ತಿನ್ನುತ್ತಲೇ ಅವುನಂಡಿ ಎಂದ. ನಾನೂ ತಿಂದೆ, ಸುಳ್ಳೇಕೆ ಹೇಳಲಿ. ಆಮೇಲೆ ಮೂಟೆ ನೋಡಿದರೆ ತಳ ಕಾಣುತ್ತಿತ್ತು. ದೊರೆಯ ಬುರುಜಿನ ಅರ್ಧ ಭಾಗ ನಮ್ಮ ಹೊಟ್ಟೆಯಲ್ಲಿತ್ತು.

"ಏನ್ ಮಂಗಮ್ಮಾ ಇದು?" ಎಂದು ಕನ್ನಡದಲ್ಲಿ ಹಲ್ಲು ಕಡಿದೆ.

"ಬೇಳಿ, ಬೆಲ್ಲ ತಂದು ಗ್ವಾಡಿಗೆ ಮೆತ್ತಾಕ ಯಾರಿಗೆ ಮನಸ್ಸು ಬರ್ತೈತೆಮ್ಮಾ?" ಎಂದಳು. "ಸಾರು ಸಣ್ಣಗಾಗ್ಯಾರ, ಕಮಿಟಿ ಚಿಂತಿಗೆ. ಅವರಾದ್ರೂ ತಿನ್ಲಿ ಅಂದೆ."

ಮೂರ್ತಿಗಾರು ಇಲಿಗಳ ಮೇಲೆ ಸಿಟ್ಟಾದರು. ಇನ್ನಷ್ಟು ಬೆಲ್ಲ ತರಿಸಿದರು. ಮತ್ತೆ ಇಲಿ ತಿಂದೀತೆಂದು ಅಷ್ಟನ್ನೂ ಒಂದೇ ದಿನ ಗಾರೆಗೆ ಹಾಕಿಸಿಬಿಟ್ಟರು. ಬುರುಜು ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿ ಚೆಂದ ಕಂಡಿತು. ಮಾರನೇ ದಿನ ಕಪ್ಪಾಗಿತ್ತು. ಹತ್ತಿರ ಹೋದರೆ ಕಪ್ಪು ನಡೆದಾಡುತ್ತಿತ್ತು, ಅಷ್ಟು ಇರುವೆ. ಅದರ ಮಾರನೇ ದಿನ ಮಂಗಮ್ಮನ ಎಮ್ಮೆ ಗೌರಿ ಹಗ್ಗ ಬಿಚ್ಚಿಕೊಂಡು ಬಂದು, ತನ್ನ ನಾಲಿಗೆಗೆ ಎಟುಕಿದಷ್ಟು ಎತ್ತರ ಬುರುಜನ್ನು ಸುತ್ತಲೂ ನೆಕ್ಕಿ ನುಣ್ಣಗೆ ಮಾಡಿತು. ಊರಿನ ಉಳಿದ ಎಮ್ಮೆಗಳೂ ಸರತಿಯಲ್ಲಿ ಬಂದವು. ಶತ್ರುಗಳು ಯಾರೂ ಮುಟ್ಟದ ಕೋಟೆಗೆ ಕೊನೆಗೂ ಮುತ್ತಿಗೆ ಬಿತ್ತು. ವರದಿಯಲ್ಲಿ ಏನೆಂದು ಬರೆಯಲಿ ಎಂದು ಕೇಳಿದ್ದಕ್ಕೆ ಮೂರ್ತಿಗಾರು ತಲೆ ಮೇಲೆ ಕೈಹೊತ್ತು, "ಹವಾಮಾನದ ಸವೆತ ಅಂತ ಬರೀರಿ" ಎಂದರು.

ಉಪಾಯ ಹೇಳಿದ್ದೂ ಮಂಗಮ್ಮನೇ. ಗುಂಟೂರು ಪಕ್ಕದಲ್ಲೇ ಇರುವಾಗ ಹೆದರಿಕೆ ಯಾಕೆ ಎಂದಳು. ಕೊನೆಯ ಲೇಪಕ್ಕೆ ಮೆಣಸಿನಪುಡಿ ಬಿತ್ತು. ಗೌರಿ ಒಂದೇ ಸಲ ನೆಕ್ಕಿ, ಬಾಲವೆತ್ತಿ ಕಂದಕಕ್ಕೆ ಹಾರಿತು. ಗಾರೆ ಕೆಲಸದವರು ಸೀನುತ್ತಾ ಸೀನುತ್ತಾ ಕೆಲಸ ಮುಗಿಸಿದರು.

ಕಮಿಟಿ ಬರುವ ದಿನ ಬೆಳಗ್ಗೆ ಮೂರ್ತಿಗಾರು ಇನ್ನೊಂದು ಬುದ್ಧಿವಂತಿಕೆ ಮಾಡಿದರು. ಮಂಗಮ್ಮನ ಮನೆ ಕಾಣದ ಹಾಗೆ ಅದರ ಮುಂದೆ ಅಡ್ಡಡ್ಡಲಾಗಿ ಸ್ವಾಗತದ ದೊಡ್ಡ ಫ್ಲೆಕ್ಸ್ ಕಟ್ಟಿಸಿದರು. ಅವಳಿಗೆ, "ಅಮ್ಮಾ, ಅವರು ಹೋಗುವ ತನಕ ಹೊರಗೆ ಬರಬೇಡಿ, ಉಸಿರೂ ಬಿಡಬೇಡಿ" ಎಂದು ಕೈಮುಗಿದರು. ಫ್ಲೆಕ್ಸಿನ ಹಿಂದಿನಿಂದ ಎಮ್ಮೆ ಒಮ್ಮೆ ಕೂಗಿತು. ಆಮೇಲೆ ಎಲ್ಲ ಶಾಂತವಾಯಿತು.

ಕಮಿಟಿಯ ಅಧ್ಯಕ್ಷರು ವಯಸ್ಸಾದವರು. ಮಂಗಳಗಿರಿಯ ಬಿಳಿ ನೇಯ್ಗೆಯ ಅಂಗಿ, ಅಷ್ಟೇ ಬಿಳಿ ಪಂಚೆ, ಮುಖದ ಮೇಲೆ ನಗುವಿಲ್ಲ. ಜೊತೆಗಿದ್ದ ಸದಸ್ಯರೊಬ್ಬರು ಬುರುಜಿಗೆ ಒರಗಿದರು, ಆಮೇಲೆ ಅವತ್ತೆಲ್ಲ ಸೀನಿದರು. ಅಧ್ಯಕ್ಷರು ಸುತ್ತಲೂ ಒಮ್ಮೆ ನೋಡಿ, "ಮೂರ್ತಿಗಾರೂ, ಇಲ್ಲಿ ಕೋಟೆ ಎಲ್ಲಿದೆ? ಒಂದು ಬುರುಜು, ಒಂದು ಬಾಗಿಲು. ಇದಕ್ಕಾಗಿ ರಸ್ತೆ ನಿಲ್ಲಿಸೋದಾ?" ಎಂದರು. ಮೂರ್ತಿಗಾರು ತೊದಲುತ್ತಾ ಫಲಕದ ಕಡೆ ಕೈ ತೋರಿಸಿದರು. ಅಧ್ಯಕ್ಷರು ಹೋಗಿ ಹೆಬ್ಬಾಗಿಲ ನಟ್ಟನಡುವೆ ನಿಂತು, ಕನ್ನಡಕ ಸರಿಮಾಡಿಕೊಂಡು ಓದಲು ತೊಡಗಿದರು.

ಇತ್ತ ಮಂಗಮ್ಮ ಒಳಗೆ ಸುಮ್ಮನೆ ಕೂತಿರಲಿಲ್ಲ. ಹೊಸದಾಗಿ ಗಾರೆ ಮಾಡಿದ ಗೋಡೆ, ಅದನ್ನು ಕೆಡವಲೆಂದೇ ನೋಡಲು ಬಂದ ಅಷ್ಟು ಜನರ ಕಣ್ಣು. ದೃಷ್ಟಿ ತೆಗೆಯದೆ ಬಿಡುವುದು ಹೇಗೆ? ಅಪ್ಪಾರಾವ್ ಹತ್ತಿರ ಒಂದು ಹಿಡಿ ಸುಣ್ಣ ಬೇಡಿ ತಂದಿದ್ದಳು. ಅರಿಶಿನಕ್ಕೆ ಸುಣ್ಣ ಕಲಸಿ ತಟ್ಟೆಯಲ್ಲಿ ಕೆಂಪು ನೀರು ಮಾಡಿ, ಹೊರಗೆ ಬರುವ ಹಾಗಿಲ್ಲವಲ್ಲ, ಮಾಳಿಗೆಗೆ ಹತ್ತಿ ಕೋಟೆಯ ಗೋಡೆಗೇ ಆರತಿ ಎತ್ತಿದಳು. ಆರತಿಯ ನೀರನ್ನು ಆಮೇಲೆ ಬಾಗಿಲ ಹೊರಗೆ ಚೆಲ್ಲಬೇಕು, ಅದು ಪದ್ಧತಿ. ಬಾಗಿಲ ನೆತ್ತಿಯ ಮೇಲೆ ಕಿಂಡಿ ಇತ್ತು. ಎಂದಿನಂತೆ ಕೂಗೋಣವೆಂದರೆ ಉಸಿರೂ ಬಿಡಬೇಡಿ ಎಂದು ಸಾಹೇಬರು ಹೇಳಿದ್ದರು. ಕೂಗಲಿಲ್ಲ. ಚೆಲ್ಲಿದಳು.

ಅಧ್ಯಕ್ಷರು ಎಣ್ಣೆ ಎಂಬ ಮಾತಿಗೆ ಬಂದಿದ್ದರು. ಅಷ್ಟು ಹೊತ್ತಿಗೆ ನೆತ್ತಿಯಿಂದ ಕೆಂಪು ಇಳಿಯಿತು. ಬಿಳಿ ತಲೆ, ಬಿಳಿ ಅಂಗಿ, ಬಿಳಿ ಪಂಚೆ, ಒಂದನ್ನೂ ಬಿಡಲಿಲ್ಲ. ಯಾರೋ "ರಕ್ತಂ!" ಎಂದು ಕಿರುಚಿದರು. ಮೂರ್ತಿಗಾರು ನಿಂತಲ್ಲೇ ಕೂತರು. ಅಪ್ಪಾರಾವ್, ಯಾರೂ ಏನೂ ಕೇಳದಿದ್ದರೂ, ಅವುನಂಡಿ ಎಂದ.

"ಅಯ್ಯೋ ನನ್ನ ಕರ್ಮ! ಕೆಳಗ ಯಾರೋ ಅದಾರ ಕಾಣ್ತೈತಿ!" ಎಂದು ಮೇಲಿನಿಂದ ಕನ್ನಡ ಕೇಳಿಸಿತು.

ಮಂಗಮ್ಮ ಮೆಟ್ಟಿಲಿಳಿದು, ಫ್ಲೆಕ್ಸನ್ನು ಹರಿದುಕೊಂಡೇ ಓಡಿ ಬಂದಳು. ಅಧಿಕಾರಿ, ಅಧ್ಯಕ್ಷ ಒಂದನ್ನೂ ನೋಡದೆ ಮುದುಕರ ಕೈಹಿಡಿದು ಒಳಗೆ ಕರೆದೊಯ್ದಳು. ತಲೆಗೆ ಬಿಸಿನೀರು ಹಾಕಿಸಿದಳು. ಗಂಡನ ನೀಲಿ ಚೌಕಳಿ ಲುಂಗಿ ಉಡಿಸಿದಳು. ಬೇಳೆಯ ಪಪ್ಪು, ಅನ್ನ, ತುಪ್ಪ ಬಡಿಸಿ ತಟ್ಟೆಯ ತುದಿಗೆ ಗೋಂಗುರ ಹಚ್ಚಿದಳು. ನಾವೆಲ್ಲ ಬಾಗಿಲಲ್ಲಿ ಕಳ್ಳರ ಹಾಗೆ ನಿಂತಿದ್ದೆವು. ಕಮಿಟಿಯ ಕಣ್ಣಿಗೆ ಬೀಳಬಾರದೆಂದು ಬಚ್ಚಿಟ್ಟ ಮನೆಯೊಳಗೆ ಕಮಿಟಿಯ ಅಧ್ಯಕ್ಷರು ಲುಂಗಿಯುಟ್ಟು ಊಟ ಮಾಡುತ್ತಿದ್ದರು.

ಅಧ್ಯಕ್ಷರು ಊಟ ಮುಗಿಸಿ, ಕೈತೊಳೆದು, ದೊರೆಯ ಗೋಡೆಗೆ ಬೆನ್ನು ಕೊಟ್ಟು ಕೂತು ಹೇಳಿದರು:

"ಮೂರ್ತಿಗಾರೂ, ಬಂದ ಶತ್ರು ಎಲ್ಲಿ ನಿಲ್ಲಬೇಕು ಅಂತ ಇದನ್ನು ಕಟ್ಟಿದವನು ಎಣಿಸಿದ್ದನೋ ನಾನು ಅಲ್ಲೇ ನಿಂತೆ. ತಲೆ ಮೇಲೆ ಯಾವಾಗ ಬೀಳಬೇಕೋ ಆಗಲೇ ಬಿತ್ತು. ನೂರಾರು ವರ್ಷ ಆದ ಮೇಲೂ ಕೆಲಸ ಮಾಡ್ತಿರೋ ಕೋಟೆಯನ್ನು ಏನೂ ಉಳಿದಿಲ್ಲ ಅಂತ ಹೇಗೆ ಬರೀಲಿ ಅಂಡಿ?"

ಆಮೇಲೆ ಸುತ್ತಲೂ ನೋಡಿದರು. ಒಲೆ, ಮೆಟ್ಟಿಲು, ಗೋಡೆಗೆ ಹೊಡೆದ ಮೊಳೆ, ಮೊಳೆಯಲ್ಲಿ ತೂಗುತ್ತಿದ್ದ ಜರಡಿ. "ಈ ಮನೆ?" ಎಂದರು. ಮೂರ್ತಿಗಾರು ಬೆವರು ಒರೆಸಿಕೊಂಡರು. ಮಂಗಮ್ಮ ತೆಲುಗಿನಲ್ಲಿ ನಿಧಾನವಾಗಿ, "ಬಾಗಿಲು ನೋಡಿಕೊಳ್ಳೋದು ಮೊದಲಿಂದಲೂ ನಾವೇ ಬಾಬೂ" ಎಂದಳು. ಹೇಳುವಾಗ ಅವಳ ಕೈ ಆ ನಾಲ್ಕನೆಯ ಗೋಡೆಯನ್ನು ಒತ್ತಿ ಹಿಡಿದಿತ್ತು.

ಮುದುಕರು ಲುಂಗಿಯ ತುದಿಯಲ್ಲಿ ಕಿವಿಯೊಳಗಿನ ಕೆಂಪು ಒರೆಸಿಕೊಂಡರು. "ನೋಡಿಕೊಂಡದ್ದು ನಾನು ಕಂಡೆನಲ್ಲ" ಎಂದರು. ಮೊದಲ ಸಲ ನಕ್ಕರು. "ಕೋಟೆ ಅಂದ ಮೇಲೆ ಕಾವಲು ಬೇಕು. ಕಾವಲಿನವರು ಬಾಗಿಲಲ್ಲೇ ಇರೋದು ಒಳ್ಳೇದು."

ನಾನು ಅತ್ತುಬಿಟ್ಟೆ. ಮೆಣಸಿನಪುಡಿ ಎಂದು ಹೇಳಿಕೊಂಡೆ.

ರಸ್ತೆ ಪಕ್ಕಕ್ಕೆ ಬಾಗಿ ಹೋಯಿತು. ಮಂಗಮ್ಮ ಕೋಟೆಮನೆಯ ಕಾವಲಿನವಳಾದಳು. ಸೀರೆಯ ಮೇಲೆ ಖಾಕಿ ಕೋಟು ಹಾಕಿಕೊಂಡು ನಿಲ್ಲತೊಡಗಿದಳು, ಗೌರಿ ಎರಡು ದಿನ ಅವಳ ಗುರುತು ಹಿಡಿಯಲಿಲ್ಲ. ತಮ್ಮ ಎಣ್ಣೆಯ ಮಾತು ರುಜುವಾಯಿತೆಂದು ಮೂರ್ತಿಗಾರು ನಿವೃತ್ತರಾಗುವವರೆಗೂ ಬೀಗುತ್ತಿದ್ದರು. ಫಲಕ ಹಾಗೇ ಇದೆ. ಬೇಳೆಕಟ್ಟಿನ ಮಾತು ಅವರಿಗೆ ನಾನು ಹೇಳಲಿಲ್ಲ, ಇಲ್ಲಿ ಬರೆದದ್ದು ಅವರಿಗೆ ಕನ್ನಡ ಬರುವುದಿಲ್ಲ ಎಂಬ ಧೈರ್ಯದಿಂದ.

ಐಸ್‌ಕ್ರೀಂ ಕುಡಿದ ಹುಡುಗಿಯರನ್ನು ಹೋದ ಭಾನುವಾರ ಅಲ್ಲಿಗೆ ಕರೆದುಕೊಂಡು ಹೋದೆ. ಕಾರಿನಿಂದ ಇಳಿದವರೇ ಇಬ್ಬರೂ ಫಲಕ ಓದಲು ಹೆಬ್ಬಾಗಿಲಿಗೆ ಓಡಿದರು. ಡ್ರೋನ್ ಆಗಲೇ ಆಕಾಶದಲ್ಲಿತ್ತು. ಅದಕ್ಕೆ ಬುರುಜು ಕಂಡಿತು, ಕಂದಕ ಕಂಡಿತು, ಎಮ್ಮೆಗಳೂ ಕಂಡವು. ಕಿಂಡಿಯ ಹಿಂದೆ ಪಾತ್ರೆ ಹಿಡಿದು ನಿಂತವಳು ಕಾಣಲಿಲ್ಲ. ನಾನು ಇದ್ದಲ್ಲಿಂದಲೇ ಕೂಗಿದೆ.

"ಮಂಗಮ್ಮಾ, ನಿಂದ್ರು! ನಮ್ಮ ಹುಡುಗ್ಯಾರು ಕೆಳಗ ಅದಾರ!"

ಮೇಲೆ ಪಾತ್ರೆಯ ಸದ್ದು ನಿಂತಿತು. ವಯಸ್ಸಾದ ದನಿ, ಆದರೆ ಅದೇ ಸಿರುಗುಪ್ಪದ ಕನ್ನಡ, ಕಿಂಡಿಯಿಂದ ಇಳಿದು ಬಂತು.

"ಹಂಗಾದ್ರ ಲಗೂನ ಒಳಗ ಬರ್ರಮ್ಮಾ. ಅಕ್ಕಿ ತೊಳ್ದೀನಿ, ನೀರು ಎಷ್ಟೊತ್ತು ಹಿಡ್ಕೊಂಡು ನಿಂದರ್ಲಿ?"